ಬೆಳ್ಳಿಚುಕ್ಕಿಯ ಕೆನ್ನೆಗೊಂದು ಬೊಟ್ಟು

"ಯಾರ ಕೈರಿ ಇದು?"

ಆ ಕಾಲದಲ್ಲಿ ಫೋಟೊ ಸ್ಟುಡಿಯೊದ ಹೊಸ್ತಿಲು ದಾಟಿದವರು ಕೇಳುತ್ತಿದ್ದ ಮೊದಲ ಮಾತೇ ಇದು. ಕ್ಯಾಮೆರಾ ಯಾವುದು, ಆಲ್ಬಮ್ ಎಷ್ಟು ಹಾಳೆಯದು ಎಂಬುದೆಲ್ಲ ಆಮೇಲೆ. ಫೋಟೊ ತಿದ್ದುವ ತಂತ್ರಾಂಶವನ್ನು ಕಂಪನಿಯ ಹೆಸರು ನೋಡಿ ಆರಿಸುವ ದಿನಗಳು ಹೋಗಿ, ಕೈ ನೋಡಿ ಆರಿಸುವ ದಿನಗಳು ಬಂದಿದ್ದವು.

ಸಂಗತಿ ಕಠಿಣದ್ದೇನಲ್ಲ. ಏನೂ ಅರಿಯದ ಖಾಲಿ ತಂತ್ರಾಂಶವೊಂದನ್ನು ಪಳಗಿದ ತಿದ್ದುಗಾರರ ಕಂಪ್ಯೂಟರಿನೊಳಗೆ ವರ್ಷಗಟ್ಟಲೆ ಕೂರಿಸುತ್ತಿದ್ದರು. ಅವರು ಯಾವ ಕಲೆಯನ್ನು ಅಳಿಸಿದರು, ಯಾವುದನ್ನು ನೋಡಿಯೂ ಬಿಟ್ಟರು, ನೆರಳನ್ನು ಎಷ್ಟು ತಿಳಿ ಮಾಡಿದರು, ಯಾವಾಗ ಸಾಕೆಂದು ಮೌಸಿನಿಂದ ಕೈ ತೆಗೆದರು, ಎಲ್ಲವನ್ನೂ ಅದು ನೋಡುತ್ತ ಹೋಗುತ್ತಿತ್ತು. ನಲವತ್ತು ಸಾವಿರ ಚಿತ್ರಗಳಾಗುವ ಹೊತ್ತಿಗೆ ಆ ಕೈಯ ಹದ ಅದಕ್ಕೂ ಬಂದಿರುತ್ತಿತ್ತು. ಆಮೇಲೆ ಅದನ್ನು ಎಲ್ಲಿಗಾದರೂ ಒಯ್ಯಬಹುದು, ಯಾರಾದರೂ ಬಳಸಬಹುದು. ತಿದ್ದಿದವರು ಮನೆಯಲ್ಲಿ ಉಂಡು ಮಲಗಿದ್ದರೂ ಅವರ ಕೈ ಹತ್ತು ಊರುಗಳಲ್ಲಿ ದುಡಿಯುತ್ತಿರುತ್ತಿತ್ತು.

ಅಂಥ ಕೈಗಳಲ್ಲಿ ಬೆಟಗೇರಿ ಕೈ ಒಂದು. ಅದರ ಒಡತಿ ವಿಶಾಲಾಕ್ಷಿ ಮುಳಗುಂದ. ವಯಸ್ಸು ಅರವತ್ತೊಂದು. ಹೆಸರಿಗೆ ತಕ್ಕ ದೊಡ್ಡ ಕಣ್ಣು, ಆ ಕಣ್ಣಿನ ಮುಂದೆ ಇನ್ನೂ ದೊಡ್ಡ ಕನ್ನಡಕ. ಕಾಲೇಜು ಕಂಡವಳಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಗಂಡ ಗುರುಪಾದಪ್ಪನ ಸ್ಟುಡಿಯೊ ಇತ್ತು, ಸ್ಟುಡಿಯೊದಲ್ಲಿ ಒಂದು ಕಂಪ್ಯೂಟರ್ ಇತ್ತು. ಗಂಡ ಫೋಟೊ ತೆಗೆಯಲು ಹೊರಗೆ ಹೋದಾಗಲೆಲ್ಲ ಒಂದೊಂದೇ ಗುಂಡಿ ಒತ್ತಿ ನೋಡುತ್ತ, ಕೆಡಿಸುತ್ತ, ಕೆಡಿಸಿದ್ದನ್ನು ಮತ್ತೆ ಸರಿಮಾಡುತ್ತ ಕಲಿತವಳು.

ಅಂದು ಕೇಳುತ್ತಿದ್ದವಳು ನೇಕಾರರ ಓಣಿಯ ಹೆಂಗಸು. ಮಗಳ ಮದುವೆಯ ಫೋಟೊಗಳನ್ನು ಕೊಡಲು ಬಂದಿದ್ದಳು.

"ನಮ್ಮ ಹುಡುಗಿ ನಮ್ಮ ಹುಡುಗಿಯಂಗ ಕಾಣಬೇಕ ನೋಡ್ರಿ. ನಮ್ಮ ನಾದಿನಿ ಪ್ಯಾಟಿಯವರ ಕೈ ಹಾಕ್ಸಿದ್ಲು. ಆಲ್ಬಮ್ಮಿನಾಗ ಮದಲಗಿತ್ತಿ ಯಾರು, ಅಕಿ ತಂಗಿ ಯಾರು, ಒಂದೂ ಗೊತ್ತಾಗವಲ್ದು."

"ಮದಲಿಂಗಗ ಗೊತ್ತಾತಿಲ್ಲ?" ಎಂದ ಗುರುಪಾದಪ್ಪ ಕ್ಯಾಮೆರಾ ಒರೆಸುತ್ತ.

"ನೀವು ಸುಮ್ಮನಿರ್ರಿ," ಎಂದು ಗಂಡನನ್ನು ಗದರಿ ವಿಶಾಲಾಕ್ಷಿ ಗಿರಾಕಿಯತ್ತ ತಿರುಗಿದಳು. "ಚಿಂತಿ ಮಾಡಬ್ಯಾಡವಾ. ನನ್ನ ಕೈ ಮುಟ್ಟೂದ ಕಡಿಮಿ. ಧೂಳ ತಗೀತೈತಿ, ಬೆಳಕ ಸರಿ ಮಾಡತೈತಿ. ಮಾರಿ, ಕಣ್ಣು, ಮೂಗಿನ ತಂಟೆಕ್ಕ ಹೋಗಂಗಿಲ್ಲ."

"ಮುಟ್ಟೂದ ಕಡಿಮಿ ಅಂತನ ಅಲ್ಲೇನು, ಅದನ್ನ ಆಕಾಶಕ್ಕ ಒಯ್ದಿದ್ದು!" ಎಂದ ಗುರುಪಾದಪ್ಪ. ಯಾವ ಗಿರಾಕಿ ಬಂದರೂ ಮಾತನ್ನು ಅಲ್ಲಿಗೆ ತಂದು ನಿಲ್ಲಿಸದೆ ಅವನಿಗೆ ಸಮಾಧಾನವಿರಲಿಲ್ಲ. "ಅಕ್ಕಾರ, ನಿಮಗ ಗೊತ್ತಿಲ್ಲೇನು? ಈಗ ನಮ್ಮ ಮನಿಯವರ ಕೈ ಶುಕ್ರನ ಹತ್ರ ಐತಿ."

ಮಾತು ಸುಳ್ಳಲ್ಲ. ಉತ್ತರ ಕರ್ನಾಟಕದ ಏಳು ಕಾಲೇಜುಗಳು ಸೇರಿ ಒಂದು ಪುಟ್ಟ ನೌಕೆಯನ್ನು ಕಟ್ಟಿ, 'ಬೆಳ್ಳಿ' ಎಂದು ಹೆಸರಿಟ್ಟು ಶುಕ್ರಗ್ರಹಕ್ಕೆ ಕಳಿಸಿದ್ದವು. ಗಾತ್ರದಲ್ಲಿ ಅದು ಅಡುಗೆಮನೆಯ ಗ್ರೈಂಡರಿನಷ್ಟು. ಅಷ್ಟು ದೂರದಿಂದ ಚಿತ್ರ ಕಳಿಸಲು ಅದರ ಆಂಟೆನಾಕ್ಕೆ ಬಲ ಸಾಲದು. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಕಳಿಸುತ್ತ ಕೂತರೆ ಒಂದು ಚಿತ್ರಕ್ಕೆ ವಾರ ಬೇಕು. ಆದ್ದರಿಂದ ನೌಕೆಯೊಳಗೇ ಒಂದು ತಂತ್ರಾಂಶ ಕೂತು, ಚಿತ್ರದ ಕಸ ತೆಗೆದು, ಹಗುರ ಮಾಡಿ ಕಳಿಸಬೇಕು. ಕಳಿಸಿದ ಮೇಲೆ ಕಚ್ಚಾ ಚಿತ್ರವನ್ನು ಅಳಿಸಿ ಮುಂದಿನದಕ್ಕೆ ಜಾಗ ಮಾಡಬೇಕು. ಯಾರ ಕೈ ಹಾಕುವುದು ಎಂಬ ಪ್ರಶ್ನೆ ಬಂದಾಗ ಮೂರು ಕೈಗಳಿಗೆ ಪರೀಕ್ಷೆ ಇಟ್ಟರು. ಪರದೇಶದ ಕೈ ಗ್ರಹವನ್ನು ಗೋಲಿಯಂತೆ ನುಣುಪು ಮಾಡಿಟ್ಟಿತು. ಮಹಾನಗರದ ಕೈ ಅರ್ಧ ಬ್ಯಾಟರಿ ನುಂಗಿತು. ಬೆಟಗೇರಿ ಕೈ ಧೂಳು ಕೊಡವಿ, ಬೆಳಕು ಸರಿಪಡಿಸಿ, ಮೂರೇ ನಿಮಿಷದಲ್ಲಿ ಮುಗಿಯಿತೆಂದು ಎದ್ದಿತು. ಗೆದ್ದದ್ದು ಅದೇ. ಪರದೇಶದ ಕೈಯನ್ನೂ ಒಂದು ಮೂಲೆಯಲ್ಲಿ ಇರಲಿ ಎಂದು ಇಟ್ಟರು, ಕಾರಿನ ಹೆಚ್ಚುವರಿ ಗಾಲಿಯ ಹಾಗೆ.

ಅಂದಿನಿಂದ ವಿಶಾಲಾಕ್ಷಿ ಬೆಳಗಿನ ಜಾವ ಕಸ ಗುಡಿಸುವಾಗ ಮೂಡಣದಲ್ಲಿ ಬೆಳ್ಳಿಚುಕ್ಕಿ ಕಂಡರೆ ಪೊರಕೆ ಹಿಡಿದೇ ಒಂದು ಗಳಿಗೆ ನಿಲ್ಲುತ್ತಿದ್ದಳು.

*

ಬೆಳ್ಳಿಯ ನಿಯಂತ್ರಣ ಕೊಠಡಿ ಇದ್ದದ್ದು ಗದುಗಿನ ಕಾಲೇಜೊಂದರ ಎರಡನೇ ಮಹಡಿಯಲ್ಲಿ. ಅಲ್ಲಿ ಡಾ. ಜರೀನಾ ನದಾಫ ಎಂಬ ಮೂವತ್ತರ ಹೆಣ್ಣುಮಗಳು ಆರು ದಿನಗಳಿಂದ ನಿದ್ದೆಗೆಟ್ಟು ಕೂತಿದ್ದಳು. ಬೆಳ್ಳಿ ಶುಕ್ರನ ಸುತ್ತ ತಿರುಗತೊಡಗಿ ಆರು ಚಿತ್ರ ಕಳಿಸಿತ್ತು. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ತೆಗೆದ ಶುಕ್ರನ ಪೂರ್ಣಮುಖ, ಹುಣ್ಣಿಮೆಯ ಹಾಗೆ ಗುಂಡಗೆ, ಬೆಳ್ಳಗೆ. ಆರರಲ್ಲೂ ಎಡಬದಿಗೆ ಒಂದು ಕಪ್ಪು ಚುಕ್ಕೆ.

ಶುಕ್ರನ ಮೋಡದ ಮೇಲೆ ಹಾಗೆ ಕಪ್ಪು ಮೂಡಬೇಕೆಂದರೆ ಕೆಳಗೆಲ್ಲೋ ಗಂಧಕದ ಹೊಗೆ ಎದ್ದಿರಬೇಕು. ಅಂದರೆ ಜ್ವಾಲಾಮುಖಿ. ಅದೂ ಸತ್ತದ್ದಲ್ಲ, ಈಗ, ಇವತ್ತು ಉಗುಳುತ್ತಿರುವಂಥದು. ಅಂಥದನ್ನು ಹಿಡಿದು ತೋರಿಸುವುದಕ್ಕೇ ಜರೀನಾ ತನ್ನ ಎಂಟು ವರ್ಷ ಕೊಟ್ಟಿದ್ದಳು.

ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್ ವಾದಿರಾಜ ಕಟ್ಟಿಯವರು ಚಿತ್ರಗಳನ್ನು ದಿಟ್ಟಿಸಿ ಮೂಗುಜ್ಜಿಕೊಂಡರು. "ಜರೀನಾ, ಆರು ಸಲ ಉಗುಳಿದ್ರ ಆರೂ ಸಲ ಎಡಕ್ಕನ ಯಾಕ ಉಗುಳ್ತದ? ನನಗ ಒಂದೀಟು ಸಂಶಯ ಅದ. ಆ ಬೆಟಗೇರಿ ಬಾಯಾರನ್ನ ಒಮ್ಮೆ ಕೇಳ್ಕೊಂಡು ಬಾ."

ಹೀಗೆ ಜರೀನಾ ಬೆಟಗೇರಿಗೆ ಬಂದಾಗ ಹೊತ್ತು ಹನ್ನೊಂದು. ಸ್ಟುಡಿಯೊದ ಹಿಂದೆಯೇ ಮನೆ. ವಿಶಾಲಾಕ್ಷಿ ರೊಟ್ಟಿ ಬಡಿಯುತ್ತಿದ್ದಳು.

"ಬಾರವಾ ಜರೀನಾ! ಬಿಸಿ ರೊಟ್ಟಿ ಐತಿ, ಕೂಡು."

"ಅಕ್ಕಾರ, ಮೊದ್ಲ ಇದನ್ನ ನೋಡ್ರಿ."

ಹಿಟ್ಟಿನ ಕೈಯನ್ನು ದೂರ ಹಿಡಿದು ವಿಶಾಲಾಕ್ಷಿ ಟ್ಯಾಬಿನತ್ತ ಬಗ್ಗಿದಳು. ಮೊದಲ ಚಿತ್ರ. ಅವಳ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು.

"ಯವ್ವಾ… ಇದು ನಂದ."

"ನಿಮ್ದ ಅಂದ್ರ?"

"ದೃಷ್ಟಿ ಬೊಟ್ಟವಾ! ಕೂಸಿಗೆ ಇಡ್ತೀವಲ್ಲ, ಕಾಡಿಗಿ ಬೊಟ್ಟು. ಮಂದಿ ಕೂಸುಗಳನ್ನ ಫೋಟೊಕ್ಕ ಕರಕೊಂಡು ಬರ್ತಿದ್ರು. ಬೊಟ್ಟು ಇಡಾಕ ಮರತಿರ್ತಿದ್ರು. ಅಕ್ಕಾ, ಒಂದು ಬೊಟ್ಟು ಇಟ್ಟಬಿಡ್ರಿ ಅಂತಿದ್ರು. ನಾ ಫೋಟೊದಾಗ ಇಡ್ತಿದ್ದೆ. ಗುಂಡನ್ನ ಮಾರಿ, ಬೆಳ್ಳನ್ನ ಬೆಳಕು… ಅದಕ್ಕ ಶುಕ್ರ ಕೂಸಿನಂಗ ಕಂಡೈತಿ."

"ಆದ್ರ ಮದುವಿ ರೂಢಿ ಎಲ್ಲಾ ತಗದು ಕೊಟ್ಟೀನಿ ಅಂದಿದ್ರಲ್ಲ?"

ತೆಗೆದಿದ್ದಳು, ನಿಜ. ಕೈ ಕೊಡುವ ಮುನ್ನ ವಾರ ಪೂರ್ತಿ ಕೂತು, ತಾಳಿ ಹೊಳೆಸುವುದು, ಜರಿಯ ಅಂಚಿಗೆ ಮೆರುಗು ಕೊಡುವುದು, ಹೂಮಾಲೆಯ ಬಣ್ಣ ಗಾಢ ಮಾಡುವುದು, ಒಂದೊಂದನ್ನೂ ಮರೆಸಿದ್ದಳು. ಬೊಟ್ಟು ಮಾತ್ರ ನೆನಪಿಗೇ ಬಂದಿರಲಿಲ್ಲ.

"ಅದು ಎಡಿಟಿಂಗ್ ಅಂತ ನನಗ ಅನಿಸಿದ್ರಲ್ಲ ಯವ್ವಾ, ತಗ್ಯಾಕ? ಅದು ದೃಷ್ಟಿ."

ಗುರುಪಾದಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನಗು ತಡೆಯಲಾಗದೆ ಗೋಡೆಗೆ ಆತುಕೊಂಡ. "ಶುಕ್ರಗ ಬೊಟ್ಟು ಇಟ್ಟಿಯಲ್ಲ, ಗುರುಗ್ರಹಕ್ಕ ತಲಿಗೊಂದು ಕುಂಚಿಗಿ ಹೊಲಿ! ಶನಿಗೆ ಉಡದಾರ ಮೊದ್ಲ ಐತಿ."

ಜರೀನಾ ನಗಲಿಲ್ಲ. ಟ್ಯಾಬನ್ನು ಚೀಲಕ್ಕೆ ಹಾಕಿ, ರೊಟ್ಟಿ ಮುಟ್ಟದೆ ಎದ್ದು ಹೋದಳು. ಅವಳ ಬೆನ್ನು ನೋಡಿದ ಮೇಲೆ ಗುರುಪಾದಪ್ಪನ ನಗುವೂ ನಿಂತಿತು.

"ಏ, ನಾ ಸುಮ್ಮನ ಅಂದೆ," ಎಂದ.

"ನೀವು ಅಂದದ್ದಕ್ಕ ಅಲ್ರಿ. ಆ ಹುಡುಗಿ ಎಂಟು ವರ್ಷ ದುಡದಾಳ. ನನ್ನ ಕೈಯಿಂದ ಅಕಿ ಮಾರಿ ಸಣ್ಣದಾತು." ವಿಶಾಲಾಕ್ಷಿ ಒಲೆ ಆರಿಸಿದಳು. ಕೈ ತೊಳೆದು ಸೀರೆಯ ನಿರಿಗೆ ಸರಿಮಾಡಿಕೊಂಡಳು. "ಗಾಡಿ ತಗೀರಿ. ಕಾಲೇಜಿಗೆ ಹೋಗೂಣು."

*

ಸುದ್ದಿ ಅವರಿಗಿಂತ ಮುಂಚೆ ಅಲ್ಲಿ ತಲುಪಿತ್ತು. ಗೋಡೆಯ ಪರದೆಯಲ್ಲಿ ಉಳಿದ ಆರು ಕಾಲೇಜಿನವರು ಕಾಣುತ್ತಿದ್ದರು. ಯಾರೋ, "ಸಂಜಿಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕ್ರಿ ಸರ್," ಎಂದರು. ಎಲ್ಲ ನಕ್ಕರು. ಕಟ್ಟಿಯವರು ಧ್ವನಿಯ ಗುಂಡಿ ಒತ್ತಿ ಪರದೆಯ ಬಾಯಿ ಮುಚ್ಚಿಸಿದರು.

"ಬರ್ರಿ ವಿಶಾಲಾಕ್ಷಿಯವರ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಹಿಂಗ ಇಟಗೊಳ್ಳಿಕ್ಕಾಗೂದಿಲ್ಲ. ನಾಕು ಗಂಟೆಕ್ಕ ಬೆಳ್ಳಿಗೆ ಆಜ್ಞೆ ಕಳಸ್ತೀವಿ. ನಿಮ್ಮ ಕೈ ತಗದು, ಆ ಪರದೇಶದ್ದು ಹಚ್ತೀವಿ."

ಕೈ ತಗದು ಎಂಬ ಮಾತು ಕೇಳಿ ವಿಶಾಲಾಕ್ಷಿಗೆ ತನ್ನ ಮಣಿಕಟ್ಟೇ ಒಮ್ಮೆ ತಣ್ಣಗಾದಂತಾಯಿತು. ಆದರೂ ತಲೆಯಾಡಿಸಿದಳು. "ತಪ್ಪು ನಂದರಿ ಸರ್. ತಗೀರಿ. ಒಂದ ಮಾತು, ತಗ್ಯೂಕಿಂತ ಮೊದ್ಲ ಆರೂ ಚಿತ್ರ ನೋಡ್ಲೇನು? ಮನ್ಯಾಗ ಒಂದ ನೋಡೀನಿ."

ಜರೀನಾ ಆರನ್ನೂ ದೊಡ್ಡ ಪರದೆಗೆ ಹಾಕಿದಳು. ವಿಶಾಲಾಕ್ಷಿ ಕನ್ನಡಕ ಒರೆಸಿಕೊಂಡು, ಕುರ್ಚಿ ಎಳೆದುಕೊಳ್ಳದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಒಂದು, ಎರಡು, ಮೂರು. ಆರನೆಯದರ ಮುಂದೆ ನಿಂತವಳು ಕದಲಲಿಲ್ಲ.

"ಇದನ್ನ ದೊಡ್ಡದು ಮಾಡವಾ."

ಮಾಡಿದಳು.

"ಇನ್ನೂ."

ಇನ್ನೂ ಮಾಡಿದಳು.

"ಆ ಐದೂ ನನ್ನವು," ಎಂದಳು ವಿಶಾಲಾಕ್ಷಿ. "ಇದು ನಂದಲ್ಲ."

ಕಟ್ಟಿಯವರು ಕುರ್ಚಿಯಿಂದ ಅರ್ಧ ಎದ್ದರು. "ಅಂದ್ರ?"

"ನಾ ಬೊಟ್ಟು ಇಟ್ರ ಒತ್ತಿ, ಕಿವಿ ಕಡಿಗೆ ಒಂದು ಕೂದಲೆಳಿಯಷ್ಟು ಎಳೀತೀನ್ರಿ. ತಾಯಿ ಕೈಬಟ್ಟಿನಿಂದ ಇಟ್ಟಂಗ ಕಾಣಬೇಕಲ್ಲ. ನೋಡ್ರಿ, ಐದಕ್ಕೂ ಸಣ್ಣ ಬಾಲ ಐತಿ. ಆರನೇದಕ್ಕ ಬಾಲ ಇಲ್ಲ. ಅಂಚು ಸುತ್ತಲೂ ಸಮಾ ಹರಡೇತಿ, ನೀರಾಗ ಶಾಯಿ ಬಿಟ್ಟಂಗ."

"ಹಂಗಾದ್ರ ಅದರಾಗ ನಿಮ್ಮ ಕೈ ಬೊಟ್ಟು ಯಾಕ ಇಡಲಿಲ್ಲ? ಅದೂ ಗುಂಡು ಮಾರಿನ ಅಲ್ಲ?"

"ತಾಯಿ ಇಟ್ಟ ಕಳಿಸಿದ್ರ ನಾ ಮತ್ತ ಯಾಕ ಇಡ್ಲಿ ಸರ್? ಒಂದು ಕೂಸಿಗೆ ಎರಡು ಬೊಟ್ಟು ಇಡಂಗಿಲ್ಲ. ಇಟ್ರ ಅವ್ವಂದಿರು ಬೈತಾರ. ಈ ಮಾರಿ ಮ್ಯಾಲೆ ಮೊದ್ಲ ಒಂದು ಇತ್ತು. ಅದನ್ನ ನೋಡಿ ನನ್ನ ಕೈ ಸುಮ್ಮನ ಆಗೈತಿ."

ಜರೀನಾಳ ಕಣ್ಣು ಅಷ್ಟು ಹೊತ್ತಿಗೆ ಅರಳಿತ್ತು. ಅವಳು ಕೆಲಸಕ್ಕಿಳಿದಳು. ಭೂಮಿಯ ಮೇಲೆ ಬೆಟಗೇರಿ ಕೈಯ ಒಂದು ಪ್ರತಿ ಅವರ ಬಳಿ ಇತ್ತು. ದೂರದರ್ಶಕದಲ್ಲಿ ತೆಗೆದ ಶುಕ್ರನ ಹಳೆಯ ಚಿತ್ರವೊಂದನ್ನು ಅದಕ್ಕೆ ಕೊಟ್ಟಳು. ಮೂರು ನಿಮಿಷ. ಎಡಗೆನ್ನೆಯ ಮೇಲೆ ಬೊಟ್ಟು ಮೂಡಿತು, ಬಾಲದ ಸಮೇತ. ಅದೇ ಹಳೆಯ ಚಿತ್ರದ ಮೇಲೆ ತಾನೇ ಒಂದು ಮಸುಕು ಚುಕ್ಕೆ ಬರೆದು ಮತ್ತೆ ಕೊಟ್ಟಳು. ಮೂರು ನಿಮಿಷ. ಕೈ ಧೂಳು ತೆಗೆಯಿತು, ಬೆಳಕು ಸರಿಪಡಿಸಿತು, ಚುಕ್ಕೆಯನ್ನು ಮುಟ್ಟಲಿಲ್ಲ. ಇನ್ನೊಂದನ್ನೂ ಇಡಲಿಲ್ಲ. ಹತ್ತು ಸಲ ಮಾಡಿದರೂ ಹತ್ತೂ ಸಲ ಹಾಗೇ.

"ಸರ್!" ಎಂದಳು. ಹತ್ತೂ ಚಿತ್ರಗಳನ್ನು ದೊಡ್ಡ ಪರದೆಗೆ ಹಾಕಿದಳು.

ಕಟ್ಟಿಯವರು ಗಡಿಯಾರ ನೋಡಿದರು. ಮೂರು ಗಂಟೆ ಹತ್ತು ನಿಮಿಷ. ಅವರ ಸಂಕಟವೂ ಸಣ್ಣದಲ್ಲ. ಸಂಜೆ ಐದಕ್ಕೆ ಬೆಳ್ಳಿ ಶುಕ್ರನಿಗೆ ತೀರ ಹತ್ತಿರ ಹಾಯುವುದಿತ್ತು. ಆಗ ರಾಡಾರಿನಿಂದ ನೆಲದ ನಕ್ಷೆ ತೆಗೆಯಬೇಕೆಂದು ಮೂರು ಕಾಲೇಜುಗಳು ಕಾಯುತ್ತಿದ್ದವು. ಗಾಳಿಯಲ್ಲಿ ಏನೇನಿದೆ ಎಂದು ಪತ್ತೆ ಹಚ್ಚುವ ಯಂತ್ರವೂ ಬೆಳ್ಳಿಯಲ್ಲಿತ್ತು, ಅದನ್ನು ಎಲ್ಲರೂ ಮೂಗು ಎಂದೇ ಕರೆಯುತ್ತಿದ್ದರು. ಮೂಗನ್ನು ಚುಕ್ಕೆಯತ್ತ ತಿರುಗಿಸಿದರೆ ರಾಡಾರಿನ ಕೆಲಸ ಕೆಟ್ಟಿತು, ತಿಂಗಳಿಗಾಗುವಷ್ಟು ಇಂಧನವೂ ಹೋಯಿತು. ಬಿಟ್ಟರೆ ಶುಕ್ರನ ಬಿರುಗಾಳಿ ನಾಲ್ಕು ದಿನದಲ್ಲಿ ಆ ಹೊಗೆಯನ್ನು ಗ್ರಹದ ಸುತ್ತ ಒಂದು ಸುತ್ತು ಎಳೆದು ಚದುರಿಸಿಬಿಡುತ್ತದೆ. ಮತ್ತೆ ಸಿಗುವುದಿಲ್ಲ.

"ಕ್ಯಾಮೆರಾದ ಮ್ಯಾಲಿನ ಧೂಳು ಇರಬಹುದಲ್ಲ ಅದು?" ಎಂದರು.

"ಧೂಳಲ್ಲರಿ."

"ಹೆಂಗ ಹೇಳ್ತೀರಿ?"

"ಸರ್, ನಾ ಈ ಮನಿಗೆ ಬಂದ ದಿನದಿಂದ ಮಾಡಿದ ಕೆಲಸ ಅದೊಂದ. ಧೂಳ ತಗ್ಯೂದು. ಗುಲಾಲು, ಅಕ್ಕಿಕಾಳು, ನೊಣ, ಲೆನ್ಸಿಗೆ ಹತ್ತಿದ ಇವರ ಬಟ್ಟಿನ ಗುರುತು, ಎಲ್ಲಾ ತಗದೀನಿ." ಗುರುಪಾದಪ್ಪ ತನ್ನ ಬೆರಳುಗಳನ್ನು ಹಿಂದಕ್ಕೆ ಅಡಗಿಸಿಕೊಂಡ. "ಅದು ಧೂಳಾಗಿದ್ರ ನನ್ನ ಕೈ ಮೊದ್ಲ ಅದನ್ನ ತಗದು, ಆಮ್ಯಾಲೆ ತನ್ನದೊಂದು ಬೊಟ್ಟು ಇಡ್ತಿತ್ತು. ತಗದಿಲ್ಲ. ಅಂದ್ರ ಅದು ಮಾರಿ ಮ್ಯಾಲಿಂದ. ಮಾರಿ ಮ್ಯಾಲಿಂದನ್ನ ನಾ ಮುಟ್ಟಂಗಿಲ್ಲ."

"ತಪ್ಪಾದ್ರ?"

ವಿಶಾಲಾಕ್ಷಿ ಜರೀನಾಳನ್ನು ನೋಡಿದಳು, ಆಮೇಲೆ ಕಟ್ಟಿಯವರನ್ನು. "ತಪ್ಪಾದ್ರ ನನ್ನ ಕೈ ತಗದು ಒಗೀರಿ. ಇನ್ನೊಮ್ಮೆ ಈ ಮೆಟ್ಟಲಾ ಹತ್ತಂಗಿಲ್ಲ. ಆದ್ರ ನೋಡದ ಒಗೀಬ್ಯಾಡ್ರಿ."

ಕಟ್ಟಿಯವರು ಪರದೆಯ ಬಾಯಿ ಬಿಚ್ಚಿದರು. ರಾಡಾರಿನ ಮೂರು ಕಾಲೇಜಿನವರು ಎದ್ದು ನಿಂತು ಜಗಳವಾಡಿದರು. ಒಬ್ಬರು, "ಮದುವಿ ಫೋಟೊದವರ ಮಾತು ಕೇಳಿ ನೌಕಾ ತಿರುಗಸ್ತೀರೇನ್ರಿ?" ಎಂದೂ ಅಂದರು.

"ಮದುವಿ ಫೋಟೊದವರ ಅಲ್ರೀ," ಎಂದರು ಕಟ್ಟಿಯವರು. "ಆ ಚಿತ್ರ ಯಾರು ತಿದ್ಯಾರೋ ಅವರ ಮಾತು ಕೇಳಿ. ಸ್ವತಃ ಬರದವರು ಬಂದು ಈ ಸಾಲು ನಂದಲ್ಲ ಅಂದ್ರ, ನಾನು ನೀವು ಯಾರ್ರೀ ಅಲ್ಲ ಅನ್ನಲಿಕ್ಕೆ?"

ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಆಜ್ಞೆ ಹೋಯಿತು. ಕೈ ಬದಲಿಸುವ ಆಜ್ಞೆಯಲ್ಲ, ಮೂಗು ತಿರುಗಿಸುವ ಆಜ್ಞೆ.

*

ಬೆಳ್ಳಿ ಮೂಸಿ ನೋಡಿ, ಅಷ್ಟಿಷ್ಟೇ ಉತ್ತರ ಕಳಿಸಿ, ಅದನ್ನೆಲ್ಲ ಜೋಡಿಸಿ ಓದುವುದು ಮರುದಿನದ ಬೆಳಗಿನ ಮಾತು. ಮನೆಗೆ ಬಂದ ವಿಶಾಲಾಕ್ಷಿ ಮಧ್ಯಾಹ್ನ ಬಿಟ್ಟ ಹಿಟ್ಟನ್ನು ಮತ್ತೆ ನಾದಿದಳು. ರೊಟ್ಟಿ ತಟ್ಟಿದರೆ ಅಂಚು ಬಿರಿಯಿತು.

"ಹರದೈತಿ ನೋಡು," ಎಂದ ಗುರುಪಾದಪ್ಪ.

"ಉಣ್ಣಾಕ ಬರತೈತಿ, ಉಣ್ರಿ."

ಅವನು ಉಂಡ. ಉಣ್ಣುತ್ತ, "ನೀ ಅಲ್ಲಿ ನಿಂತು ಇದು ನಂದಲ್ಲ ಅಂದೆಲ್ಲ," ಎಂದ, "ನನಗ ಮೈ ಜುಮ್ಮಂತು. ಇಷ್ಟು ವರ್ಷ ನಾ ಫೋಟೊ ತಗದು, ನೀ ತಿದ್ದಿ, ಮಂದಿ ನನಗ ಶಾಬಾಸ್ ಅಂತಿದ್ರು. ನಾನೂ ತಗೊಂತಿದ್ದೆ."

"ಈಗ ಅದನ್ಯಾಕ ತಗೀತೀರಿ?"

"ಸುಮ್ಮನ. ಅನಿಸ್ತು."

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಇದರ ಅಂಚು ಬಿರಿಯಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಸ್ಟುಡಿಯೊದ ಷಟರ್ ಬಾಗಿಲನ್ನು ಇನ್ನೂ ಅರ್ಧವಷ್ಟೇ ಎತ್ತಿದ್ದರು. ಅದರ ಕೆಳಗಿಂದಲೇ ಬಗ್ಗಿ ಜರೀನಾ ಒಳಗೆ ನುಗ್ಗಿದಳು. ಸಂತೋಷದಲ್ಲಿ ಅವಳಿಗೆ ಇಂಗ್ಲಿಷು, ಉರ್ದು, ಕನ್ನಡ ಎಲ್ಲ ಒಟ್ಟಿಗೆ ಬರುತ್ತಿದ್ದವು. ವಿಶಾಲಾಕ್ಷಿಗೆ ತಿಳಿದದ್ದು ಇಷ್ಟು: ಆ ಚುಕ್ಕೆಯ ಮೇಲೆ ಗಂಧಕದ ಹೊಗೆ ಸುತ್ತಲಿಗಿಂತ ಹದಿನೇಳು ಪಟ್ಟು ಹೆಚ್ಚು. ಕೆಳಗೆ ಬೆಟ್ಟವೊಂದು ಬಾಯಿ ತೆರೆದಿದೆ. ಉಗುಳುತ್ತಿದೆ.

"ಜೀವಂತ ಐತ್ರಿ ಅಕ್ಕಾರ! ಶುಕ್ರ ಜೀವಂತ ಐತಿ! ನೀವು ಅದು ಮಾರಿ ಮ್ಯಾಲಿಂದು ಅಂದ್ರಲ್ಲ, ಖರೇನ ಮಾರಿ ಮ್ಯಾಲಿಂದ!"

ವಿಶಾಲಾಕ್ಷಿ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಆಮೇಲೆ ಸೆರಗಿನಿಂದ ಕನ್ನಡಕದ ಒಳಗೆ ಒರೆಸಿಕೊಂಡಳು.

ಜರೀನಾಳ ಹಿಂದೆ ಕಟ್ಟಿಯವರು ನಿಧಾನವಾಗಿ ಬಗ್ಗಿ ಬಂದರು. ಕೈಯಲ್ಲೊಂದು ಹಾಳೆ.

"ವಿಶಾಲಾಕ್ಷಿಯವರ, ನಿಮ್ಮ ಕೈ ಅಲ್ಲೇ ಇರ್ತದ. ಬೊಟ್ಟು ಇಡೂದು ಒಂದು ಮರಸಿಕೊಡ್ರಿ, ಸಾಕು."

"ಇವತ್ತ ಮರಸ್ತೀನ್ರಿ."

"ಮತ್ತ ಇದು ನೋಡ್ರಿ. ಪ್ರಬಂಧ ಕಳಸಬೇಕು. ಬೆಳ್ಳಿಯೊಳಗಿನ ಒಂದೊಂದು ಉಪಕರಣ ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಬರೀತೀವಿ. ಕ್ಯಾಮೆರಾದ್ದು ಬರದಾಗೇದ, ಮೂಗಿಂದು ಆಗೇದ. ಕೈ ಅನ್ನೂ ಸಾಲು ಖಾಲಿ ಅದ. ಪೂರ್ತಿ ಹೆಸರು ಹೇಳ್ರಿ." ಕೌಂಟರಿನ ಗಾಜಿನ ಮೇಲೆ ಹಾಳೆ ಹರಡಿ ಪೆನ್ನು ತೆಗೆದರು.

"ವಿಶಾಲಾಕ್ಷಿ ಗುರುಪಾದಪ್ಪ ಮುಳಗುಂದ."

ಬರೆಯಲು ಹೋದ ಪೆನ್ನಿಗೆ ಗುರುಪಾದಪ್ಪ ಕೈ ಅಡ್ಡ ಹಿಡಿದ. "ಸರ್, ನಡುವಿಂದು ಬಿಡ್ರಿ."

"ಯಾಕ್ರೀ? ಪದ್ಧತಿ ಹಂಗ ಅದ."

"ಇರಬಹುದ್ರಿ. ಆ ಚಿತ್ರ ನಾ ತಗದದ್ದಲ್ಲ, ತಿದ್ದಿದ್ದಲ್ಲ. ನಾ ಅಲ್ಲಿ ಯಾಕ ನಿಂದರ್ಲಿ?"

ವಿಶಾಲಾಕ್ಷಿ ಗಂಡನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. "ಹಂಗ ಬರೀರಿ ಸರ್," ಎಂದಳು ಮೆಲ್ಲಗೆ.

ಕಟ್ಟಿಯವರು ಬರೆದರು. ಕನ್ನಡಕ ಏರಿಸಿಕೊಂಡು ಓದಿದರು. "ಚಿತ್ರ ತಿದ್ದಿದ ಕೈ: ವಿಶಾಲಾಕ್ಷಿ ಮುಳಗುಂದ, ಬೆಟಗೇರಿ. ಸರಿ ಅದ ಏನು?"

ಗುರುಪಾದಪ್ಪ ಹೋಗಿ ಅರ್ಧ ಎತ್ತಿದ್ದ ಬಾಗಿಲನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಬೀದಿಯ ಬಿಸಿಲು ಕೌಂಟರಿನವರೆಗೆ ಬಂತು. ಎದುರಿನ ದರ್ಜಿ ಮಿಷಿನ್ ನಿಲ್ಲಿಸಿ ಇತ್ತ ನೋಡುತ್ತಿದ್ದ.

"ಇನ್ನೊಮ್ಮೆ ಓದ್ರಿ ಸರ್," ಎಂದ ಗುರುಪಾದಪ್ಪ, "ಒಂದೀಟು ಜೋರಾಗಿ. ಆ ದರ್ಜಿಗೆ ಕೇಳಸ್ಲಿಲ್ಲ."